ನಗುತ್ತಲೇ ಬೇಡವೆಂದ ವಿಜ್ಞಾನಿ

ದೇವಾಲಯದಲ್ಲಿ ವಿವಾಹ ಸಂಸ್ಕಾರ ನೆರವೇರಿ, ಸಂಜೆ ಆರತಕ್ಷತೆ ನಡೆಯುತ್ತಿರುತ್ತದೆ. ಕೇಕ್ ಕತ್ತರಿಸಿದ ಬಳಿಕ ವಧೂವರರಿಗೆ ಶುಭ ಕೋರಲು ಎಲ್ಲರ ಕೈಗೂ ವೈನ್ ಲೋಟ ಬರುತ್ತದೆ. ಅನಂತರ ಹಾಲ್‌ನ ಹಿಂಬದಿಯಲ್ಲಿ ಇನ್ನೊಂದು ಬಗೆಯ ಸತ್ಕಾರ ಶುರುವಾಗುತ್ತದೆ. ಆಗತಾನೆ ಪಿಯುಸಿ ಮುಗಿಸಿದ ಹುಡುಗನನ್ನು ಚಿಕ್ಕಪ್ಪನೋ ಸೋದರಮಾವನೋ ಅಲ್ಲಿಗೆ ಕರೆಯುತ್ತಾರೆ. ಒಂದೇ ಒಂದು ಪೆಗ್ ತಾನೆ, ಇನ್ನು ನೀನೂ ದೊಡ್ಡವನಾದೆ ಎನ್ನುತ್ತಾರೆ. ಪಕ್ಕದಲ್ಲಿ ನಿಂತವರು ಸಿಗರೇಟ್ ಪ್ಯಾಕ್ ಮುಂದೆ ಚಾಚುತ್ತಾರೆ. ಹುಡುಗನಿಗೆ ಮನಸ್ಸಿಲ್ಲ. ಆದರೆ ಬೇಡವೆಂದು ಹೇಳುವ ಬಗೆ ತಿಳಿಯದು. ಎಲ್ಲರೂ ನಕ್ಕಾರೆಂಬ ಅಂಜಿಕೆಯಿಂದ ಕೈ ಚಾಚುತ್ತಾನೆ. ಬಸವೇಶ್ವರನಗರ, ರಾಜಾಜಿನಗರ, ವಿಜಯನಗರಗಳಲ್ಲಿರುವ ನಮ್ಮ ಎಷ್ಟೋ ಕುಟುಂಬಗಳಿಗೆ ಈ ದೃಶ್ಯ ಹೊಸದಲ್ಲ.

ಇಂಥ ಹುಡುಗನಿಗೆ ಹೇಳಬೇಕಾದ ಜೀವನಕಥೆಯೊಂದಿದೆ. ಅದು ಯಾವ ಸಂತರದೂ ಅಲ್ಲ, ನಮ್ಮ ನೆರೆಯ ಮಲ್ಲೇಶ್ವರದಲ್ಲಿ ಬಾಳಿದ ವಿಜ್ಞಾನಿ ಸರ್ ಸಿ.ವಿ. ರಾಮನ್ ಅವರದು.

ಚಂದ್ರಶೇಖರ ವೆಂಕಟ ರಾಮನ್ 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಹುಟ್ಟಿದರು. ತಂದೆ ಕಾಲೇಜು ಅಧ್ಯಾಪಕರು. ಅವರಿಗೆ ವಿಶಾಖಪಟ್ಟಣದಲ್ಲಿ ಕೆಲಸ ದೊರೆತಾಗ ಕುಟುಂಬವೂ ಅಲ್ಲಿಗೆ ಹೋಯಿತು. ಬಾಲಕ ರಾಮನ್ ಓದಿದ್ದು ಅಲ್ಲಿನ ಕಥೋಲಿಕ ಶಾಲೆಯಾದ ಸಂತ ಅಲೋಶಿಯಸ್ ಶಾಲೆಯಲ್ಲಿ. 11ನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಸಿದ ಆ ಹುಡುಗ ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ, 1907ರಲ್ಲಿ ಎಂ.ಎ. ಪದವಿ ಪಡೆದ.

ಅದೇ ವರ್ಷ ಲೋಕಸುಂದರಿಯವರೊಂದಿಗೆ ಮದುವೆಯಾಯಿತು. ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ದೊಡ್ಡ ಹುದ್ದೆಯೂ ಸಿಕ್ಕಿತು. ಹಗಲು ಕಚೇರಿಯ ಲೆಕ್ಕಪತ್ರ. ಬೆಳಗಿನ ಜಾವ ಮತ್ತು ಸಂಜೆಯಿಂದ ರಾತ್ರಿಯವರೆಗೆ ಬೌಬಜಾರಿನ ಪ್ರಯೋಗಾಲಯ. ಹತ್ತು ವರ್ಷ ಹೀಗೆ ದುಡಿದ ಅವರು 1917ರಲ್ಲಿ ಆ ಹುದ್ದೆಯನ್ನು ಬಿಟ್ಟು, ಕಡಿಮೆ ಸಂಬಳದ ಪ್ರಾಧ್ಯಾಪಕ ಕೆಲಸಕ್ಕೆ ಸೇರಿದರು. ನಾಲ್ಕು ಜನ ಒಳ್ಳೆಯದೆಂದು ಹೊಗಳುವುದನ್ನು ಬೇಡವೆನ್ನುವ ಎದೆಗಾರಿಕೆ ಅವರಿಗೆ ಆಗಲೇ ಇತ್ತು.

1921ರಲ್ಲಿ ಹಡಗಿನಲ್ಲಿ ಪ್ರಯಾಣಿಸುವಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರ ಮನಸ್ಸನ್ನು ಸೆಳೆಯಿತು. ಈ ನೀಲಿ ಎಲ್ಲಿಂದ ಬಂತೆಂಬ ಪ್ರಶ್ನೆಯ ಬೆನ್ನು ಹತ್ತಿ, ನೀರು ಮತ್ತು ಇತರ ದ್ರವಗಳು ಬೆಳಕನ್ನು ಹೇಗೆ ಚದುರಿಸುತ್ತವೆ ಎಂದು ವರ್ಷಗಟ್ಟಲೆ ಪರೀಕ್ಷಿಸಿದರು. 1928ರ ಫೆಬ್ರವರಿ 28ರಂದು ಫಲ ದೊರೆಯಿತು. ಒಂದು ಬಣ್ಣದ ಬೆಳಕು ದ್ರವದೊಳಗೆ ಹಾದು ಚದುರಿದಾಗ, ಅದರ ಸ್ವಲ್ಪ ಭಾಗ ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ಇದೇ ರಾಮನ್ ಪರಿಣಾಮ. ಇದಕ್ಕಾಗಿ 1930ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ವಿಜ್ಞಾನದಲ್ಲಿ ಆ ಗೌರವ ಪಡೆದ ಮೊದಲ ಏಷ್ಯನ್ನರು ಅವರು.

ರಾಮನ್ ಸಸ್ಯಾಹಾರಿಗಳು, ಮದ್ಯ ಮುಟ್ಟದವರು. ಆದರೆ ಯೂರೋಪಿನಲ್ಲಿ ಅಂದಿನ ದೊಡ್ಡ ಔತಣಗಳೆಲ್ಲ ಮದ್ಯದ ಲೋಟ ಎತ್ತಿ ಶುಭ ಕೋರುವ ಔತಣಗಳೇ. ನೊಬೆಲ್ ಸಮಾರಂಭದ ಆ ದಿನಗಳ ಬಗ್ಗೆ ವಿಜ್ಞಾನಿಗಳು ಈಗಲೂ ಹೇಳಿಕೊಳ್ಳುವ ಒಂದು ಸಂಗತಿಯಿದೆ. ರಾಮನ್ ತಮ್ಮ ಪರಿಣಾಮವನ್ನು ಮದ್ಯಸಾರದಲ್ಲಿ ಪ್ರಯೋಗ ಮಾಡಿ ತೋರಿಸಿದರಂತೆ. ಆಮೇಲೆ ಔತಣದಲ್ಲಿ ಅವರಿಗೂ ಮದ್ಯ ನೀಡಲು ಬಂದರಂತೆ. ಮದ್ಯದ ಮೇಲೆ ರಾಮನ್ ಪರಿಣಾಮವನ್ನು ಕಂಡದ್ದಾಯಿತಲ್ಲ, ರಾಮನ್ ಮೇಲೆ ಮದ್ಯದ ಪರಿಣಾಮವನ್ನು ನೋಡುವ ಆಸೆ ಬೇಡ ಎಂಬರ್ಥದ ಮಾತನ್ನಾಡಿ ಅವರು ನಯವಾಗಿ ನಿರಾಕರಿಸಿದರಂತೆ.

ಆ ಮಾತಿನಲ್ಲಿ ಮದ್ಯ ತುಂಬಿಸಿಕೊಂಡವರ ಮೇಲೆ ಟೀಕೆಯಿಲ್ಲ. ಉಪದೇಶವಿಲ್ಲ. ಹೊಟ್ಟೆ ಸರಿಯಿಲ್ಲ, ಡಾಕ್ಟರು ಬೇಡವೆಂದಿದ್ದಾರೆ ಎಂಬ ಸುಳ್ಳು ನೆಪವೂ ಇಲ್ಲ. ತಾವು ಕುಡಿಯುವುದಿಲ್ಲ ಎಂಬುದು ಅವರಿಗೆ ನಾಚಿಕೆಯ ವಿಷಯವೇ ಆಗಿರಲಿಲ್ಲ.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದು, ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಸ್ಥಾಪಿಸಿದರು. 1954ರಲ್ಲಿ ಭಾರತ ರತ್ನರಾದರು. 1970ರ ನವೆಂಬರ್ 21ರಂದು ನಿಧನರಾದ ಅವರ ಅಂತ್ಯಕ್ರಿಯೆ, ಅವರ ಇಚ್ಛೆಯಂತೆ, ಯಾವ ಧಾರ್ಮಿಕ ವಿಧಿಯೂ ಇಲ್ಲದೆ ಆ ಸಂಸ್ಥೆಯ ತೋಟದಲ್ಲೇ ನಡೆಯಿತು. ಅವರು ಮುಂಗೋಪಿಗಳು, ಸ್ವಾಭಿಮಾನ ಹೆಚ್ಚು. ಸಹೋದ್ಯೋಗಿಗಳೊಡನೆ ಜಗಳಗಳೂ ಆದವು. ನಮ್ಮ ವಿಶ್ವಾಸ ಅವರದಾಗಿರಲಿಲ್ಲ. ಆದರೂ ಒಳ್ಳೆಯ ನಡತೆ ಯಾರಲ್ಲಿ ಕಂಡರೂ ಕಲಿಯಬೇಕಲ್ಲವೇ?

ಪ್ರಿಯ ಓದುಗರೇ, ದ್ರಾಕ್ಷಾರಸವೇ ಪಾಪವೆಂದು ನಮ್ಮ ಧರ್ಮಸಭೆ ಎಂದೂ ಹೇಳಿಲ್ಲ. ಯೇಸುಸ್ವಾಮಿ ಕಾನಾ ಊರಿನ ಮದುವೆಗೆ ಹೋಗಿದ್ದರು. ಬಲಿಪೂಜೆಯಲ್ಲಿ ನಾವು ದ್ರಾಕ್ಷಾರಸವನ್ನು ಕಾಣಿಕೆಯಾಗಿ ಅರ್ಪಿಸುತ್ತೇವೆ. ಆದರೆ 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಊಟ, ಮದ್ಯ, ತಂಬಾಕು, ಔಷಧ ಇವುಗಳಲ್ಲಿ ಮಿತಿ ಮೀರಬಾರದೆಂದು ಸ್ಪಷ್ಟವಾಗಿ ಕಲಿಸುತ್ತದೆ. ಕುಡಿದು ವಾಹನ ನಡೆಸಿ ತಮ್ಮ ಹಾಗೂ ಪರರ ಪ್ರಾಣಕ್ಕೆ ಅಪಾಯ ತರುವುದು ಗಂಭೀರ ತಪ್ಪೆಂದೂ ಎಚ್ಚರಿಸುತ್ತದೆ. ಮಿತಿ ಎಲ್ಲರ ಕೈಗೂ ಸಿಗುವ ವಸ್ತುವಲ್ಲ. ಹಿಂಬದಿಯ ಮೇಜಿನ ಬಳಿ ಮೊದಲ ಲೋಟ ಹಿಡಿದ ಹತ್ತು ಹುಡುಗರಲ್ಲಿ ಯಾರು ಅಲ್ಲಿಗೇ ನಿಲ್ಲಿಸುತ್ತಾರೆ, ಯಾರು ಸಂಬಳವನ್ನೆಲ್ಲ ಸುರಿಯುತ್ತಾರೆ ಎಂದು ಹೇಳಬಲ್ಲ ಚಿಕ್ಕಪ್ಪ ಯಾರಿದ್ದಾರೆ?

ರಾಮನ್ ಅವರಿಗೆ ಬೇಡವೆನ್ನುವುದು ಸುಲಭವಾಗಿತ್ತು, ಏಕೆಂದರೆ ಅವರು ಶುರುವೇ ಮಾಡಿರಲಿಲ್ಲ. ಈಗಾಗಲೇ ಸಿಕ್ಕಿಕೊಂಡವರಿಗೆ ಅದು ದೊಡ್ಡ ಹೋರಾಟ. ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬೊಟ್ 12ನೆಯ ವಯಸ್ಸಿಗೆ ಮದ್ಯದ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆ ಸೇರಿ ಕುಡಿತ ಕಲಿತರು. 1884ರಲ್ಲಿ, 28ನೆಯ ವಯಸ್ಸಿನಲ್ಲಿ, ಪಾಪನಿವೇದನೆ ಮಾಡಿ ಮೂರು ತಿಂಗಳ ಮಟ್ಟಿಗೆ ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ದಿನವೂ ಬಲಿಪೂಜೆಯ ಬಲದಿಂದ ಆ ಮೂರು ತಿಂಗಳು 41 ವರ್ಷವಾಯಿತು. 1925ರಲ್ಲಿ ಪೂಜೆಗೆ ಹೋಗುವ ದಾರಿಯಲ್ಲೇ ಅವರು ಕುಸಿದು ಪ್ರಾಣಬಿಟ್ಟರು. 1975ರಲ್ಲಿ ಧರ್ಮಸಭೆ ಅವರನ್ನು ಪೂಜನೀಯರೆಂದು ಸಾರಿತು. ಎಡವಿದವರಿಗೂ ದೇವರ ಬಾಗಿಲು ಮುಚ್ಚಿಲ್ಲ. ಪಾಪನಿವೇದನೆಯ ಜೊತೆಗೆ ವೈದ್ಯರ ಸಹಾಯ ಪಡೆಯುವುದರಲ್ಲಿ ಅವಮಾನವೇನೂ ಇಲ್ಲ.

ಆದರೆ ಆ ಹೋರಾಟ ನಮ್ಮ ಮಕ್ಕಳಿಗೆ ಬಾರದಿರಲಿ ಎಂದು ನೋಡಿಕೊಳ್ಳುವುದು ಹಿರಿಯರ ಹೊಣೆ. ಬೀಡಿ, ಸಿಗರೇಟ್ ತರಲು ಮಗುವನ್ನು ಅಂಗಡಿಗೆ ಕಳುಹಿಸದಿರೋಣ. ನಮ್ಮ ಮನೆಯ ಮದುವೆಗಳಲ್ಲಿ ಶುಭ ಕೋರುವಾಗ ವೈನ್ ಜೊತೆಗೆ ಹಣ್ಣಿನ ರಸದ ಲೋಟಗಳನ್ನೂ ಇಡೋಣ. ಅದನ್ನು ಎತ್ತಿಕೊಂಡವರನ್ನು ಏಕೆಂದು ಕೇಳದಿರೋಣ. ಒಬ್ಬರು ಬೇಡವೆಂದರೆ ಎರಡನೆಯ ಸಲ ಒತ್ತಾಯಿಸದಿರುವುದೂ ಸತ್ಕಾರವೇ.

ಮುಂದಿನ ಆರತಕ್ಷತೆಯಲ್ಲಿ ನಮ್ಮ ಹುಡುಗ ಬೇಡ ಮಾಮ ಎಂದು ನಗುತ್ತಾ ಹೇಳಲಿ. ಸೋದರಮಾವ ಅವನ ಬೆನ್ನು ತಟ್ಟಿ, ಊಟಕ್ಕೆ ಕರೆದುಕೊಂಡು ಹೋಗಲಿ.