ಸುತ್ತಿಗೆ ಹಿಡಿದ ಸನ್ಯಾಸಿನಿ: ಮದರ್ ಜೋಸೆಫ್

ಸಿಯಾಟಲ್ ಪೇಟೆಯ ಐದನೇ ಅವೆನ್ಯೂ ಮತ್ತು ಮ್ಯಾಡಿಸನ್ ಬೀದಿ ಕೂಡುವ ಕಡೆ ಫೆಡರಲ್ ನ್ಯಾಯಾಲಯದ ಕಟ್ಟಡವೊಂದಿದೆ. ಎದುರಿನ ಸೆಂಟ್ರಲ್ ಲೈಬ್ರರಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಕನ್ನಡ ಬಂಧುಗಳಲ್ಲಿ ಅನೇಕರು ಅದನ್ನು ನೋಡಿರಬಹುದು. ಆ ಜಾಗದಲ್ಲಿ ಹಿಂದೆ ಒಂದು ಆಸ್ಪತ್ರೆಯಿತ್ತು. ಅದರ ನಕ್ಷೆ ಬರೆದು, ಮೇಲ್ವಿಚಾರಣೆ ಮಾಡಿ ಕಟ್ಟಿಸಿದವರು ಇಂಜಿನಿಯರ್ ಅಲ್ಲ, ವೈದ್ಯರೂ ಅಲ್ಲ. ಕೆನಡಾದಿಂದ ಬಂದ, ಫ್ರೆಂಚ್ ಮಾತೃಭಾಷೆಯ ಒಬ್ಬ ಕ್ರೈಸ್ತ ಸನ್ಯಾಸಿನಿ. ಅವರ ಹೆಸರು ಮದರ್ ಜೋಸೆಫ್. ನಮ್ಮ ಸಂಘದ ಸ್ಥಾಪನೆಯನ್ನು ನೆನೆಯುವ ಈ ಸಂಚಿಕೆಯಲ್ಲಿ, ಇದೇ ನೆಲಕ್ಕೆ ನಮ್ಮಂತೆಯೇ ಹೊರಗಿನಿಂದ ಬಂದ ಆ ಮಹಾತಾಯಿಯ ಜೀವನವನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಅವರ ಪೂರ್ವಾಶ್ರಮದ ಹೆಸರು ಎಸ್ತರ್ ಪಾರಿಜೋ. 1823ರ ಏಪ್ರಿಲ್ 16ರಂದು ಕ್ವಿಬೆಕ್ ಪ್ರಾಂತ್ಯದ ಸೇಂಟ್ ಎಲ್ಜಿಯರ್ ಎಂಬ ಹಳ್ಳಿಯಲ್ಲಿ ಜನನ. ತಂದೆ ಕುದುರೆಗಾಡಿಗಳನ್ನು ತಯಾರಿಸುವ ಕಸಬುದಾರ. ಮಕ್ಕಳೊಂದಿಗರಾದ ಆ ಮನೆಯಲ್ಲಿ ಎಸ್ತರ್ ಅಡಿಗೆ, ಹೊಲಿಗೆ, ಓದು, ಲೆಕ್ಕಗಳ ಜೊತೆಗೆ ತಂದೆಯ ಕಾರ್ಖಾನೆಯಲ್ಲಿ ಗರಗಸ, ಉಳಿ, ಸುತ್ತಿಗೆಗಳನ್ನು ಬಳಸುವುದನ್ನೂ ಕಲಿತಳು. ಹೆಣ್ಣುಮಕ್ಕಳಿಗೆ ಬಡಗಿ ಕೆಲಸ ಹೇಳಿಕೊಡುವ ತಂದೆ ಆ ಕಾಲಕ್ಕೆ ಅಪರೂಪವೇ ಸರಿ. ಮುಂದೆ ಸಾವಿರಾರು ಮೈಲಿ ದೂರದ ಕಾಡಿನಲ್ಲಿ ಆ ವಿದ್ಯೆಯೇ ಮಗಳ ಕೈಹಿಡಿಯಿತು.

1843ರ ಡಿಸೆಂಬರ್ 26ರಂದು, ಇಪ್ಪತ್ತನೆಯ ವಯಸ್ಸಿನಲ್ಲಿ, ಎಸ್ತರ್ ಮಾಂಟ್ರಿಯಲ್ ನಗರದ ಪ್ರಾವಿಡೆನ್ಸ್ ಸಿಸ್ಟರ್‌ಗಳ ಮಠವನ್ನು ಸೇರಿದಳು. ಅದೇ ವರ್ಷ ಆ ಸಂಸ್ಥೆಯನ್ನು ಸ್ಥಾಪಿಸಿದವರು ಎಮಿಲಿ ಗ್ಯಾಮೆಲಿನ್. ಗಂಡನನ್ನೂ ಮೂವರು ಮಕ್ಕಳನ್ನೂ ಕಳೆದುಕೊಂಡ ಆ ವಿಧವೆ, ದುಃಖದಲ್ಲಿ ಮುಳುಗದೆ ದಿಕ್ಕಿಲ್ಲದ ಮುದುಕಿಯರಿಗೆ ಆಶ್ರಯ ಕೊಡತೊಡಗಿದ್ದರು. ಪ್ರಾವಿಡೆನ್ಸ್ ಎಂದರೆ ದೈವವು ಮಾಡುವ ಪೋಷಣೆ. ದೇವರು ತಮ್ಮನ್ನು ಸಲಹಿದ್ದಾನೆ, ಆ ಋಣವನ್ನು ಬಡವರ ಸೇವೆಯಿಂದ ತೀರಿಸಬೇಕು ಎಂಬುದು ಅವರ ನಂಬಿಕೆಯ ತಿರುಳು. ನಮ್ಮ ಶರಣರ ಕಾಯಕ, ದಾಸೋಹಗಳನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವಾದ ಮಾತಲ್ಲ.

ಹದಿಮೂರು ವರ್ಷ ಅಲ್ಲಿ ಕಳೆದ ಮೇಲೆ ದೂರದ ಕರೆ ಬಂತು. ಆಗಿನ ವಾಷಿಂಗ್ಟನ್ ಪ್ರಾಂತ್ಯಕ್ಕೆ ಬಿಷಪ್ ಬ್ಲಾಂಷೆ ಅವರ ಕೋರಿಕೆಯ ಮೇರೆಗೆ ಐವರು ಸಿಸ್ಟರ್‌ಗಳು ಹೊರಟರು. ಅವರ ಮುಖ್ಯಸ್ಥೆಯಾಗಿ ಎಸ್ತರ್ ಸಿಸ್ಟರ್ ಜೋಸೆಫ್ ಎಂಬ ಹೆಸರು ತಾಳಿದರು. ಯೇಸುವಿನ ಸಾಕುತಂದೆ ಜೋಸೆಫನೂ ಬಡಗಿಯೇ ಎಂಬುದನ್ನು ಇಲ್ಲಿ ನೆನೆಯಬಹುದು. 1856ರ ನವೆಂಬರ್ 3ರಂದು ಮಾಂಟ್ರಿಯಲ್ ಬಿಟ್ಟು, ನ್ಯೂಯಾರ್ಕಿನಲ್ಲಿ ಹಡಗು ಹತ್ತಿ, ಪನಾಮಾದ ಭೂಕಂಠವನ್ನು ರೈಲಿನಲ್ಲಿ ದಾಟಿ, ಮತ್ತೆ ಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿ, ಕೊಲಂಬಿಯಾ ನದಿಯ ಮೂಲಕ ಡಿಸೆಂಬರ್ 8ರಂದು ಫೋರ್ಟ್ ವ್ಯಾಂಕೂವರ್ ತಲುಪಿದರು. ಇದು ಕೆನಡಾದ ವ್ಯಾಂಕೂವರ್ ಅಲ್ಲ, ಪೋರ್ಟ್‌ಲ್ಯಾಂಡಿನ ಎದುರು ದಡದಲ್ಲಿರುವ, ನಮ್ಮದೇ ರಾಜ್ಯದ ವ್ಯಾಂಕೂವರ್.

ಬಂದವರಿಗೆ ಅಲ್ಲಿ ಮನೆಯಿರಲಿಲ್ಲ. ಬಿಷಪ್ಪರ ಮನೆಯ ಅಟ್ಟವೇ ಮೊದಲ ಆಶ್ರಯವಾಯಿತು. ಇಂಗ್ಲಿಷ್ ಪರಭಾಷೆ, ಚಳಿ, ಮಳೆ, ಕೈಯಲ್ಲಿ ಹಣವಿಲ್ಲ. ನಾಲ್ಕು ವರ್ಷಗಳ ಹಿಂದೆ ಇದೇ ಸಂಸ್ಥೆಯಿಂದ ಆರೆಗಾನಿಗೆ ಬಂದಿದ್ದ ಇನ್ನೊಂದು ತಂಡ ನೆಲೆ ಕಾಣದೆ ಹೊರಟು, ಕಡೆಗೆ ದಕ್ಷಿಣ ಅಮೆರಿಕದ ಚಿಲಿ ದೇಶವನ್ನು ಸೇರಿತ್ತು. ಈ ಐವರೂ ಹಾಗೆಯೇ ಹಿಂತಿರುಗಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಸಿಸ್ಟರ್ ಜೋಸೆಫ್ ಸುತ್ತಿಗೆ ಕೈಗೆತ್ತಿಕೊಂಡರು. ತಾವು ಮೊದಲು ನೆಲೆಯೂರೋಣ, ಪರೋಪಕಾರ ಆಮೇಲೆ ಎಂದು ಅವರು ಕಾಯಲಿಲ್ಲ. ಮುಂದಿನ ವಸಂತದ ಹೊತ್ತಿಗೆ ಅನಾಥ ಮಕ್ಕಳು ಅವರ ಆಶ್ರಯದಲ್ಲಿದ್ದರು, ಪುಟ್ಟ ಶಾಲೆಯೂ ಆರಂಭವಾಗಿತ್ತು.

1858ರಲ್ಲಿ ಒಂದು ಸಣ್ಣ ಮರದ ಮನೆಯಲ್ಲಿ ನಾಲ್ಕು ಹಾಸಿಗೆಗಳ ಸೇಂಟ್ ಜೋಸೆಫ್ ಆಸ್ಪತ್ರೆ ತೆರೆಯಿತು. ಅದರ ಖರ್ಚಿಗೆ ಊರಿನ ಹೆಂಗಸರು ಪಂಗಡಭೇದ ಮರೆತು ನೆರವಾದರು. ಅಮೆರಿಕದ ಈ ವಾಯವ್ಯ ಭಾಗದ ಮೊದಲ ಆಸ್ಪತ್ರೆ ಅದೆಂದು ಇತಿಹಾಸ ಹೇಳುತ್ತದೆ. ಮಾರನೆಯ ವರ್ಷವೇ ಸಂಸ್ಥೆಯನ್ನು ಕಾನೂನಿನ ಪ್ರಕಾರ ನೋಂದಾಯಿಸಲಾಯಿತು.

ವೈದ್ಯರಾದ ನಮಗೆ ಈ ಇಸವಿ ನೋಡಿದಾಗ ಒಂದು ವಿಷಯ ಹೊಳೆಯುತ್ತದೆ. ಲಿಸ್ಟರ್ ಮಹಾಶಯನು ಕ್ರಿಮಿನಾಶಕ ಶಸ್ತ್ರಚಿಕಿತ್ಸೆಯ ವಿಧಾನವನ್ನು ಪ್ರಕಟಿಸಿದ್ದು 1867ರಲ್ಲಿ; ಕಾಕ್ ಕ್ಷಯದ ರೋಗಾಣುವನ್ನು ಕಂಡುಹಿಡಿದದ್ದು 1882ರಲ್ಲಿ. ಅಂದರೆ 1858ರ ಆಸ್ಪತ್ರೆಯಲ್ಲಿ ಕೊಡಲು ಇದ್ದದ್ದು ಸ್ವಚ್ಛವಾದ ಹಾಸಿಗೆ, ಬಿಸಿ ಊಟ, ರಾತ್ರಿಯೆಲ್ಲ ಎಚ್ಚರವಿದ್ದು ನೋಡಿಕೊಳ್ಳುವ ಒಂದು ಜೀವ, ಇಷ್ಟೇ. ಸಿ.ಟಿ. ಸ್ಕ್ಯಾನು, ಐ.ಸಿ.ಯು.ಗಳ ನಡುವೆ ಕೆಲಸ ಮಾಡುವ ನಾವು, ಇಷ್ಟೇ ಎನ್ನುವ ಆ ಸೇವೆ ಎಷ್ಟು ದೊಡ್ಡದೆಂಬುದನ್ನು ರಾತ್ರಿ ಪಾಳಿಯ ನರ್ಸುಗಳನ್ನು ನೋಡಿ ಕಲಿತಿದ್ದೇವೆ.

ಹಣ ಎಲ್ಲಿಂದ? ಮದರ್ ಜೋಸೆಫ್ ಜೋಳಿಗೆ ಹಿಡಿದರು. ಕುದುರೆಯೇರಿ, ಗುಡಾರದಲ್ಲಿ ಮಲಗಿ, ಐಡಾಹೊ, ಮೊಂಟಾನಾಗಳ ಚಿನ್ನದ ಗಣಿಗಳಿಗೆ ವಾರಗಟ್ಟಲೆ ಪ್ರಯಾಣ ಮಾಡಿ, ಗಣಿಗಾರರ ಎದುರು ಕೈಚಾಚಿದರು. ದಾರಿಯಲ್ಲಿ ತೋಳಗಳ ಕಾಟ, ದರೋಡೆಕಾರರ ಭಯ. ನಮ್ಮೂರ ಕಡೆ ಮಠಗಳ ಸ್ವಾಮಿಗಳು ಭಿಕ್ಷೆಯೆತ್ತಿ ವಿದ್ಯಾರ್ಥಿನಿಲಯ ನಡೆಸಿದ್ದನ್ನು ಕೇಳಿ ಬೆಳೆದವರಿಗೆ ಇದರ ಅರ್ಥ ಬೇಗ ಆಗುತ್ತದೆ. ತನಗಾಗಿ ಬೇಡುವವನು ಕುಗ್ಗುತ್ತಾನೆ; ಪರರಿಗಾಗಿ ಬೇಡಲು ಅಹಂಕಾರ ಬಿಟ್ಟರೆ ಸಾಕು.

1873ರಲ್ಲಿ ವ್ಯಾಂಕೂವರಿನಲ್ಲಿ ಇಟ್ಟಿಗೆಯ ದೊಡ್ಡ ಕಟ್ಟಡಕ್ಕೆ ಕೈಹಾಕಿದರು. ಅನಾಥಾಲಯ, ಶಾಲೆ, ಮಠ ಎಲ್ಲವೂ ಅದರಲ್ಲಿ. ತೊಲೆಗಳ ಮೇಲೆ ಹತ್ತಿ, ನೆಲದಡಿ ತೆವಳಿ ಪರೀಕ್ಷೆ ಮಾಡುತ್ತಿದ್ದರು. ಸರಿಯಿಲ್ಲದ ಕೆಲಸವನ್ನು ಕಿತ್ತು ತಾವೇ ಮತ್ತೆ ಮಾಡುತ್ತಿದ್ದರು ಎಂದು ಪ್ರತೀತಿ. ಪ್ರಾವಿಡೆನ್ಸ್ ಅಕಾಡೆಮಿ ಎಂಬ ಆ ಕಟ್ಟಡ ಇಂದಿಗೂ ನಿಂತಿದೆ. ಪೋರ್ಟ್‌ಲ್ಯಾಂಡಿಗೆ ಹೋಗುವವರು ದಾರಿಯಲ್ಲಿ ಇಳಿದು ನೋಡಬಹುದು.

ಸಿಯಾಟಲ್ ಆಗ ಮರ ಕೊಯ್ಯುವವರ ಸಣ್ಣ ಊರು. 1877ರಲ್ಲಿ ಕಿಂಗ್ ಕೌಂಟಿಯವರು ಬಡ ರೋಗಿಗಳ ಆರೈಕೆಯ ಹೊಣೆಯನ್ನು ಈ ಸಿಸ್ಟರ್‌ಗಳಿಗೆ ವಹಿಸಿದರು. ಡುವಾಮಿಶ್ ನದಿಯ ಬಳಿಯ ಬಡವರ ಆಶ್ರಮದಲ್ಲಿ ಕೆಲಸ ಆರಂಭವಾಯಿತು. 1878ರಲ್ಲಿ ಪೇಟೆಯ ಐದನೇ ಅವೆನ್ಯೂಗೆ ಬಂದು ಪ್ರಾವಿಡೆನ್ಸ್ ಆಸ್ಪತ್ರೆ ಎನಿಸಿತು. 1880ರ ದಶಕದ ಆರಂಭದಲ್ಲಿ ಅಲ್ಲಿ ಎದ್ದ ದೊಡ್ಡ ಕಟ್ಟಡವೇ ಮದರ್ ಜೋಸೆಫರ ನಕ್ಷೆಯದು. 1911ರಲ್ಲಿ ಆಸ್ಪತ್ರೆ ಗುಡ್ಡದ ಮೇಲಕ್ಕೆ ಸ್ಥಳಾಂತರವಾಯಿತು. 2000ದಲ್ಲಿ ಸ್ವೀಡಿಷ್ ಆಸ್ಪತ್ರೆಯೊಡನೆ ಸೇರಿ ಈಗ ಚೆರ್ರಿ ಹಿಲ್ ಎನಿಸಿಕೊಂಡಿದೆ. ಪೋರ್ಟ್‌ಲ್ಯಾಂಡ್, ಸ್ಪೊಕೇನ್ ಮೊದಲಾದ ಊರುಗಳಲ್ಲೂ ಹೀಗೆಯೇ ಆಸ್ಪತ್ರೆಗಳೆದ್ದವು.

ಈ ಜೀವನಕ್ಕೆ ನೋವಿನ ಮಗ್ಗುಲೂ ಒಂದಿದೆ. ಅದನ್ನು ಮುಚ್ಚಿಟ್ಟರೆ ನ್ಯಾಯವಾಗದು. ಸಿಯಾಟಲ್‌ನ ಉತ್ತರಕ್ಕಿರುವ ಟುಲೇಲಿಪ್‌ನಲ್ಲಿ 1868ರಿಂದ ಈ ಸಿಸ್ಟರ್‌ಗಳು ಮೂಲನಿವಾಸಿ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿದರು. ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಆ ಕಾಲದ ಮಿಷನ್ ಹಾಗೂ ಸರ್ಕಾರಿ ವಸತಿಶಾಲೆಗಳಲ್ಲಿ ಒಂದು ತಲೆಮಾರಿನ ಮಕ್ಕಳು ಹೆತ್ತವರಿಂದಲೂ ಮನೆಮಾತಿನಿಂದಲೂ ದೂರವಾದರು. ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಪುಸಲಾಯಿಸಿ ಕರೆತರುವ ನಮಗೆ ಆ ನಷ್ಟ ಎಂಥದೆಂದು ಯಾರೂ ವಿವರಿಸಬೇಕಿಲ್ಲ. ಟುಲೇಲಿಪ್ ಜನ ಈಗ ತಮ್ಮ ಲುಶೂಟ್‌ಸೀಡ್ ಭಾಷೆಯನ್ನು ಮಕ್ಕಳಿಗೆ ಮತ್ತೆ ಕಲಿಸುತ್ತಿದ್ದಾರೆ. ಸೇವೆ ಮಾಡಹೊರಟವರು, ಪಡೆಯುವವರ ಮಾತನ್ನು ಮೊದಲು ಕೇಳಬೇಕೆಂಬ ಪಾಠ ಇದರಲ್ಲಿದೆ.

ಕೊನೆಗಾಲದಲ್ಲಿ ಮದರ್ ಜೋಸೆಫರಿಗೆ ಸ್ತನದ ಕ್ಯಾನ್ಸರ್ ಬಂದು, ಮಿದುಳಿಗೂ ಹರಡಿ, ದೃಷ್ಟಿ ಹೋಯಿತು. ಹಾಸಿಗೆ ಹಿಡಿದಾಗಲೂ, ಬಡವರ ಹೊಣೆಯನ್ನು ಮತ್ತೊಬ್ಬರ ಮೇಲೆ ಹಾಕಿ ಸುಮ್ಮನಿರಬಾರದೆಂದು ತಮ್ಮ ಸಿಸ್ಟರ್‌ಗಳಿಗೆ ನೆನಪಿಸಿದರು. 1902ರ ಜನವರಿ 19ರಂದು, 78ನೆಯ ವಯಸ್ಸಿನಲ್ಲಿ, ವ್ಯಾಂಕೂವರಿನಲ್ಲೇ ತೀರಿಕೊಂಡರು. 1980ರಲ್ಲಿ ವಾಷಿಂಗ್ಟನ್ ರಾಜ್ಯದ ಕೊಡುಗೆಯಾಗಿ ಅವರ ಪ್ರತಿಮೆಯನ್ನು ರಾಷ್ಟ್ರದ ರಾಜಧಾನಿಯ ಕ್ಯಾಪಿಟಲ್ ಭವನದಲ್ಲಿ ಇರಿಸಲಾಯಿತು. ಮೊಣಕಾಲೂರಿ ಪ್ರಾರ್ಥಿಸುವ ಆ ಮೂರ್ತಿಯ ಬಳಿ ಬಡಗಿಯ ಸಲಕರಣೆಗಳಿವೆ.

ಸಿಯಾಟಲ್‌ನಲ್ಲಿ ಈ ಆಸ್ಪತ್ರೆ ಬೇರೂರುತ್ತಿದ್ದ ಹೊತ್ತಿನಲ್ಲೇ, 1880ರಲ್ಲಿ, ಜರ್ಮನಿಯ ಫಾದರ್ ಅಗಸ್ಟಸ್ ಮುಲ್ಲರ್ ನಮ್ಮ ಮಂಗಳೂರಿನಲ್ಲಿ ಬಡವರಿಗೆ ಔಷಧಿ ಕೊಡಲು ತೊಡಗಿದ್ದರು. ಕಂಕನಾಡಿಯಲ್ಲಿ ಅವರು ಕುಷ್ಠರೋಗಿಗಳನ್ನೂ ಪ್ಲೇಗಿನವರನ್ನೂ ನೋಡಿಕೊಂಡರು. 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ತೆರೆದ ಡಾಕ್ಟರ್ ಈವಾ ಲೊಂಬಾರ್ಡ್ ಸ್ವಿಟ್ಜರ್‌ಲ್ಯಾಂಡಿನಿಂದ ಬಂದವರು. ನಮ್ಮ ಅಜ್ಜ ಅಜ್ಜಿಯರ ಕಾಲದ ಎಷ್ಟು ಮನೆಗಳು ಇಂಥ ಪರದೇಶಿಗಳ ಕೈಯಿಂದ ಉಳಿದವೋ! ಅವರ ಮತ ನಮ್ಮದಾಗಿರಲಿಲ್ಲ. ಆದರೂ ಅವರು ಕೊಟ್ಟ ಮದ್ದನ್ನು ಕುಡಿದವರ ಮೊಮ್ಮಕ್ಕಳು ನಾವು.

ಇನ್ನು ನಮ್ಮ ಋಣದ ಮಾತು. ಊರಿನ ಸರ್ಕಾರಿ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಓದಿದಾಗ ನಾವು ಕಟ್ಟಿದ ಫೀ ಅತ್ಯಲ್ಪ. ಮಿಕ್ಕದ್ದನ್ನು ಕೊಟ್ಟವರು ರಾಗಿ ಬೆಳೆದವರು, ಬಸ್ಸಿನ ಟಿಕೆಟ್ಟಿಗೂ ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟಿದವರು. ಇಲ್ಲಿ ರೆಸಿಡೆನ್ಸಿ ಮಾಡಿದಾಗ ಅದರ ವೆಚ್ಚದ ದೊಡ್ಡ ಪಾಲು ಬಂದದ್ದು ಮೆಡಿಕೇರ್‌ನಿಂದ, ಅಂದರೆ ಈ ದೇಶದ ದುಡಿಯುವ ಜನರ ಸಂಬಳದಿಂದ. ನಮ್ಮ ಕಲಿಯುವ ಕೈಗಳಿಗೆ ಮೈಯೊಡ್ಡಿದವರಲ್ಲಿ ಹೆಚ್ಚಿನವರು ಎರಡೂ ಕಡೆ ಬಡವರೇ. ಅವರಲ್ಲಿ ಬಹುಮಂದಿಯ ಹೆಸರೂ ನಮಗೆ ನೆನಪಿಲ್ಲ. ಕೊಟ್ಟವರಿಗೇ ಹಿಂತಿರುಗಿಸಲಾಗದ ಸಾಲವನ್ನು ಮುಂದೆ ಸಿಕ್ಕವರಿಗೆ ಸಲ್ಲಿಸಬೇಕು. ಮದರ್ ಜೋಸೆಫ್ ಮಾಡಿದ್ದೂ ಅದನ್ನೇ.

ಇದು ವೈದ್ಯರಿಗೆ ಮಾತ್ರ ಸಲ್ಲುವ ಮಾತಲ್ಲ. ಕಂಪ್ಯೂಟರ್ ಬಲ್ಲವರು, ಲೆಕ್ಕ ಬಲ್ಲವರು, ಅಡಿಗೆ ಬಲ್ಲವರು ನಮ್ಮ ಸಂಘದಲ್ಲಿ ಬೇಕಾದಷ್ಟಿದ್ದಾರೆ. ಯುಗಾದಿ, ದೀಪಾವಳಿಗಳಿಗೆ ನಾವು ನೂರಾರು ಜನಕ್ಕೆ ಊಟ ಹಾಕುತ್ತೇವೆ. ಅದೇ ಕೈಗಳು ತಿಂಗಳಿಗೊಂದು ಸಲ ಸಿಯಾಟಲ್‌ನ ಬೀದಿಯಲ್ಲಿ ಮಲಗುವವರಿಗೂ ಒಂದು ಹೊತ್ತಿನ ಬಿಸಿ ಊಟ ಕೊಡಬಹುದು. ವಿಮೆಯಿಲ್ಲದವರ ಉಚಿತ ಚಿಕಿತ್ಸಾಲಯಗಳಲ್ಲಿ ದುಭಾಷಿಗಳಾಗಿ, ಸಹಾಯಕರಾಗಿ ಒಂದು ಶನಿವಾರ ಕಳೆಯಬಹುದು. ಮನೆಯ ಸಾಲ ತೀರಲಿ, ಮಕ್ಕಳು ಕಾಲೇಜು ಸೇರಲಿ ಎಂದು ಕಾಯುತ್ತ ಕುಳಿತರೆ ಕಾಲ ಮಿಂಚಿಹೋಗುತ್ತದೆ. ಅಟ್ಟದ ಮೇಲೆ ಮಲಗಿದ್ದ ಐವರು ಹೆಂಗಸರು ಹಾಗೆ ಕಾದಿದ್ದರೆ ಈ ನಾಡಿನ ಬಡವರ ಪಾಡೇನಾಗುತ್ತಿತ್ತು?

ನಮ್ಮ ಸಂಘದ ಸಂಸ್ಥಾಪಕರೂ ಬಾಡಿಗೆಯ ಸಭಾಂಗಣ, ಮನೆಯಿಂದ ತಂದ ಪಾತ್ರೆಗಳಿಂದಲೇ ಆರಂಭಿಸಿದವರು. ಮುಂದಿನ ವರ್ಷಗಳಲ್ಲಿ ಸಂಘದ ಅಡಿಗೆಮನೆಯ ಬಾಗಿಲು ಹೊರಗಿನ ಬಡವರಿಗೂ ತೆರೆಯಲೆಂದು ಹಾರೈಸುತ್ತೇವೆ.