ಕುದುರೆ ಚಾಕರನ ಹಾಡು ಕೇಳಿ ಥಾಣೆ ಕೋಟೆಯಿಂದ ಪಾರಾದ ಬಂದಿ: ಪೇಶ್ವೆ ಆಡಳಿತದ ಕೊನೆಗೆ ಕಾರಣನಾದ ತ್ರಿಂಬಕಜಿ ಡೇಂಗಳೆ ಯಾರು?

ಥಾಣೆ: ಥಾಣೆ ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ ಇರುವ ಸೆಂಟ್ರಲ್ ಜೈಲಿನ ಎತ್ತರದ ಕಲ್ಲುಗೋಡೆಯನ್ನು ಡೊಂಬಿವಲಿ, ಕಲ್ಯಾಣದ ಸಾವಿರಾರು ಕನ್ನಡಿಗರು ನೋಡಿರುತ್ತಾರೆ. ಅದು ಜೈಲಿಗೆಂದು ಕಟ್ಟಿದ ಗೋಡೆಯಲ್ಲ, ಹಳೆಯ ಕೋಟೆಯ ಗೋಡೆ. 1730ರಲ್ಲಿ ಪೋರ್ಚುಗೀಸರು ಈ ಕೋಟೆ ಕಟ್ಟಲು ಆರಂಭಿಸಿದರು. 1737ರಲ್ಲಿ ಅದು ಮರಾಠರ ಪಾಲಾಯಿತು. 1774ರ ಕೊನೆಯಲ್ಲಿ ಬ್ರಿಟಿಷರು ವಶಪಡಿಸಿಕೊಂಡರು. ಇದೇ ಗೋಡೆಗಳ ಒಳಗಿನಿಂದ 1816ರ ಸೆಪ್ಟೆಂಬರ್ 12ರ ರಾತ್ರಿ ಒಬ್ಬ ಬಂದಿ ತಪ್ಪಿಸಿಕೊಂಡ. ಆತನ ಹೆಸರು ತ್ರಿಂಬಕಜಿ ಡೇಂಗಳೆ. ಮುಂದಿನ 2 ವರ್ಷ ತುಂಬುವುದರೊಳಗೆ ಪುಣೆಯ ಪೇಶ್ವೆ ಆಡಳಿತವೇ ಮುಗಿದುಹೋಯಿತು.

ಸುದ್ದಿ ಒಯ್ಯುವವನಿಂದ ಕಾರಭಾರಿವರೆಗೆ

ಈಗಿನ ಅಹಮದ್‌ನಗರ (ಅಹಿಲ್ಯಾನಗರ) ಜಿಲ್ಲೆಯ ನಿಂಬಗಾವ್ ಜಾಳಿ ತ್ರಿಂಬಕಜಿಯ ಊರು. ದೊಡ್ಡ ಮನೆತನದ ಹಿನ್ನೆಲೆ ಇರಲಿಲ್ಲ. ಪೇಶ್ವೆ ಎರಡನೇ ಬಾಜಿರಾವ್ ಬಳಿ ಸುದ್ದಿ ಒಯ್ಯುವ ಜಾಸೂದನಾಗಿ ಆತ ಕೆಲಸ ಆರಂಭಿಸಿದ. 1802ರ ಅಕ್ಟೋಬರ್‌ನಲ್ಲಿ ಯಶವಂತರಾವ್ ಹೋಳ್ಕರ್ ಸೇನೆ ಪುಣೆಯ ಬಳಿ ಪೇಶ್ವೆ ಪಡೆಯನ್ನು ಸೋಲಿಸಿತು. ಬಾಜಿರಾವ್ ಕೊಂಕಣದ ಮಹಾಡ್‌ಗೆ ಓಡಿಹೋದ. ಆ ಕಷ್ಟಕಾಲದಲ್ಲಿ ಪುಣೆಯ ಸುದ್ದಿಯನ್ನು ವೇಗವಾಗಿ ತಲುಪಿಸಿದ ತ್ರಿಂಬಕಜಿ ಒಡೆಯನ ಕಣ್ಣಿಗೆ ಬಿದ್ದ.

ಅಲ್ಲಿಂದ ಆತ ಮೇಲೇರುತ್ತಲೇ ಹೋದ. ತೋಪುಖಾನೆಯ ಮುಖ್ಯಸ್ಥನಾದ, ಪೇಶ್ವೆಯ ನೆಚ್ಚಿನ ಕಾರಭಾರಿಯಾದ. ಬ್ರಿಟಿಷರ ಹಿಡಿತದಿಂದ ಬಿಡಿಸಿಕೊಳ್ಳಬೇಕು, ಮರಾಠಾ ಸರದಾರರನ್ನು ಮತ್ತೆ ಒಗ್ಗೂಡಿಸಬೇಕು ಎಂದು ಬಾಜಿರಾವ್‌ಗೆ ಸಲಹೆ ಕೊಡುತ್ತಿದ್ದವರಲ್ಲಿ ಆತನೇ ಮುಂಚೂಣಿಯಲ್ಲಿದ್ದ. ಹಾಗಾಗಿ ಪುಣೆಯ ಬ್ರಿಟಿಷ್ ರೆಸಿಡೆಂಟ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್‌ಗೆ ಆತನನ್ನು ಕಂಡರೆ ಆಗುತ್ತಿರಲಿಲ್ಲ.

ಪಂಢರಪುರದಲ್ಲಿ ಕೊಲೆ

ಅಹಮದಾಬಾದ್ ಗುತ್ತಿಗೆ ಮತ್ತು ಹಳೆಯ ಬಾಕಿಗಳ ವಿಚಾರದಲ್ಲಿ ಪೇಶ್ವೆ ಮತ್ತು ಬರೋಡಾದ ಗಾಯಕವಾಡರ ನಡುವೆ ತಕರಾರಿತ್ತು. ಮಾತುಕತೆಗಾಗಿ ಗಂಗಾಧರ ಶಾಸ್ತ್ರಿ ಬರೋಡಾದಿಂದ ಪುಣೆಗೆ ಬಂದರು. ಅವರ ಜೀವಕ್ಕೆ ಬ್ರಿಟಿಷರೇ ಹೊಣೆ ನಿಂತಿದ್ದರು. 1815ರ ಜುಲೈನಲ್ಲಿ ಪಂಢರಪುರದ ವಿಠ್ಠಲನ ದರ್ಶನ ಮುಗಿಸಿ ಬಿಡಾರಕ್ಕೆ ಮರಳುತ್ತಿದ್ದಾಗ ಶಾಸ್ತ್ರಿಯವರನ್ನು ದಾರಿಯಲ್ಲೇ ಕೊಲ್ಲಲಾಯಿತು.

ಕೊಲೆಯ ಹಿಂದೆ ತ್ರಿಂಬಕಜಿ ಇದ್ದಾನೆ ಎಂದು ಎಲ್ಫಿನ್‌ಸ್ಟನ್ ತೀರ್ಮಾನಿಸಿದ. ಆತನ ಪಾತ್ರ ಎಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ತನ್ನ ನೆಚ್ಚಿನವನನ್ನು ಒಪ್ಪಿಸಲು ಬಾಜಿರಾವ್ ಹಿಂದೆಮುಂದೆ ನೋಡಿದ. ಒತ್ತಡ ಹೆಚ್ಚಾದಾಗ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರ ಕೈಗೆ ಕೊಟ್ಟ. ತ್ರಿಂಬಕಜಿಯನ್ನು ಥಾಣೆ ಕೋಟೆಯಲ್ಲಿ ಇರಿಸಲಾಯಿತು.

ಕೆಂಪು ಕೋಟಿನ ಕಾವಲು

ಆ ಕಾಲದ ಎರಡು ಸೇನೆಗಳ ವ್ಯತ್ಯಾಸ ಕಣ್ಣಿಗೆ ಕಾಣುವಂತಿತ್ತು. ಕಂಪನಿ ಸೈನಿಕರಿಗೆ ಒಂದೇ ಬಗೆಯ ಕೆಂಪು ಕೋಟು, ಎದೆಯ ಮೇಲೆ ಅಡ್ಡಪಟ್ಟಿ, ಕುತ್ತಿಗೆಗೆ ಬಿಗಿಯಾದ ಪಟ್ಟಿ. ಕೊಂಕಣದ ಸೆಕೆಯಲ್ಲೂ ಈ ಉಡುಪಿನಲ್ಲೇ ಕವಾಯತು. ಬಾಂಬೆ ಸೇನೆಯ ದೇಶಿ ಸಿಪಾಯಿಗಳೂ ಕೆಂಪು ಕೋಟನ್ನೇ ತೊಡುತ್ತಿದ್ದರು. ಅದೇ ಕಾಲಕ್ಕೆ ಬ್ರಿಟಿಷರಿಂದ ಬಿಡಿಸಿಕೊಂಡಿದ್ದ ಅಮೆರಿಕ ತನ್ನ ಪದಾತಿಗೆ ನೀಲಿ ಕೋಟು ತೊಡಿಸಿತ್ತು. ಪೇಶ್ವೆಯ ಶಿಲೇದಾರ ಮಾತ್ರ ಸ್ವಂತ ಕುದುರೆ, ಸ್ವಂತ ಭರ್ಚಿ, ಸ್ವಂತ ಪೇಟದೊಂದಿಗೆ ಯುದ್ಧಕ್ಕೆ ಬರುತ್ತಿದ್ದ.

ಥಾಣೆಯಲ್ಲಿ ಬ್ರಿಟಿಷರು ಒಂದು ಮುನ್ನೆಚ್ಚರಿಕೆ ವಹಿಸಿದ್ದರು. ದೇಶಿ ಸಿಪಾಯಿಗಳನ್ನು ತ್ರಿಂಬಕಜಿ ತನ್ನ ಕಡೆಗೆ ಒಲಿಸಿಕೊಂಡಾನು ಎಂಬ ಅಂಜಿಕೆಯಿಂದ ಆತನ ಕಾವಲಿಗೆ ಯುರೋಪಿಯನ್ ಸೈನಿಕರನ್ನೇ ನಿಲ್ಲಿಸಿದ್ದರು. ಕೊನೆಗೆ ಅದೇ ಮುನ್ನೆಚ್ಚರಿಕೆ ಅವರಿಗೆ ಮುಳುವಾಯಿತು.

ಕೋಟೆಯ ಬ್ರಿಟಿಷ್ ಅಧಿಕಾರಿಯೊಬ್ಬನ ಬಳಿ ಒಬ್ಬ ಮರಾಠಾ ಕುದುರೆ ಚಾಕರ ಕೆಲಸಕ್ಕೆ ಸೇರಿದ್ದ. ಒಡೆಯನ ಕುದುರೆಯನ್ನು ಅಡ್ಡಾಡಿಸುವ ನೆಪದಲ್ಲಿ ದಿನವೂ ಅದೇ ಹೊತ್ತಿಗೆ ಬಂದಿಯ ಕಿಟಕಿಯ ಕೆಳಗೆ ಹಾದುಹೋಗುತ್ತಿದ್ದ. ಹೋಗುವಾಗ ಬರುವಾಗ ಮರಾಠಿಯಲ್ಲಿ ಹಾಡು ಗುನುಗುತ್ತಿದ್ದ. ಯಾರು ಕಾಯುತ್ತಿದ್ದಾರೆ, ಯಾವಾಗ ಹೊರಡಬೇಕು ಎಂಬುದೆಲ್ಲ ಆ ಹಾಡಿನಲ್ಲೇ ಇತ್ತು. ಮರಾಠಿ ತಿಳಿಯದ ಕಾವಲಿನವರಿಗೆ ಅದು ಕೆಲಸದ ಬೇಸರ ಕಳೆಯುವ ಹಾಡು ಅಷ್ಟೇ. ಒಬ್ಬ ಮರಾಠಿ ಬಲ್ಲ ಸಿಪಾಯಿ ಅಲ್ಲಿದ್ದಿದ್ದರೆ ಹಾಡಿನ ಅರ್ಥ ಮೊದಲ ದಿನವೇ ಬಯಲಾಗುತ್ತಿತ್ತು.

ಸೆಪ್ಟೆಂಬರ್ 12ರಂದು ಕತ್ತಲಾದ ಮೇಲೆ, ಗೋಡೆಯಲ್ಲಿ ಕೊರೆದಿದ್ದ ಕಂಡಿಯ ಮೂಲಕ ತ್ರಿಂಬಕಜಿ ಹೊರಬಿದ್ದ. ಆಗ ಥಾಣೆ ಬ್ರಿಟಿಷರದ್ದು, ಖಾಡಿ ದಾಟಿದರೆ ಕಲ್ಯಾಣದ ಕಡೆ ಪೇಶ್ವೆಯ ಸೀಮೆ. ಇಂದು ಲೋಕಲ್ ರೈಲು ಕೆಲವೇ ನಿಮಿಷದಲ್ಲಿ ದಾಟುವ ಆ ಖಾಡಿಯೇ ಅಂದು ಎರಡು ರಾಜ್ಯಗಳ ಗಡಿಯಾಗಿತ್ತು.

ಒಬ್ಬ ಬಂದಿಗೆ ತೆತ್ತ ಬೆಲೆ

ಹೊರಬಂದ ತ್ರಿಂಬಕಜಿ ಗುಡ್ಡಗಾಡು ಸೇರಿ ಭಿಲ್ಲರು, ರಾಮೋಶಿಗಳು, ಮಾಂಗರನ್ನು ಕೂಡಿಸಿಕೊಂಡು ಪಡೆ ಕಟ್ಟಿದ. ಬಾಜಿರಾವ್ ಗುಟ್ಟಾಗಿ ಹಣ ಕಳಿಸುತ್ತಿದ್ದಾನೆ ಎಂಬ ಆರೋಪ ಬಂತು. 1817ರ ಮೇ ತಿಂಗಳಲ್ಲಿ ಎಲ್ಫಿನ್‌ಸ್ಟನ್ ಗಡುವು ಕೊಟ್ಟ: ತ್ರಿಂಬಕಜಿಯನ್ನು ಒಪ್ಪಿಸಬೇಕು, ಅಲ್ಲಿಯವರೆಗೆ ಸಿಂಹಗಡ, ಪುರಂದರ, ರಾಯಗಡ ಕೋಟೆಗಳನ್ನು ಒತ್ತೆಯಾಗಿ ಬಿಟ್ಟುಕೊಡಬೇಕು.

ಜೂನ್ 13ರಂದು ಪುಣೆ ಒಪ್ಪಂದಕ್ಕೆ ಬಾಜಿರಾವ್ ಒಪ್ಪಲೇಬೇಕಾಯಿತು. ಮರಾಠಾ ಒಕ್ಕೂಟದ ಮುಖ್ಯಸ್ಥನೆಂಬ ಹಕ್ಕು ಹೋಯಿತು. ಕಲ್ಯಾಣ, ಬೇಲಾಪುರ ಸೇರಿದಂತೆ ಉತ್ತರ ಕೊಂಕಣ ಬ್ರಿಟಿಷರಿಗೆ ಹೋಯಿತು. ದಕ್ಷಿಣದಲ್ಲಿ ಧಾರವಾಡ ಮತ್ತು ಕುಸುಗಲ್ ಕೋಟೆಗಳೂ ಕೈತಪ್ಪಿದವು. ಇಂದಿನ ನವಿ ಮುಂಬೈಯ ಬೇಲಾಪುರವೂ ಹುಬ್ಬಳ್ಳಿ ಬಳಿಯ ಕುಸುಗಲ್ಲೂ ಒಂದೇ ಒಪ್ಪಂದದಲ್ಲಿ ಕಂಪನಿಯ ಪಾಲಾದವು.

ನವೆಂಬರ್ 5ರಂದು ಖಡ್ಕಿಯಲ್ಲಿ ಯುದ್ಧ ನಡೆಯಿತು. ಪೇಶ್ವೆ ತನ್ನದೇ ಖರ್ಚಿನಲ್ಲಿ ಕವಾಯತು ಕಲಿಸಿ ಸಾಕಿದ್ದ ದಾಪೋಡಿಯ ದಳ ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿತ್ತು. ಅದು ಅಂದು ಪೇಶ್ವೆಯ ವಿರುದ್ಧವೇ ನಿಂತಿತು. 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಬಾಪು ಗೋಖಲೆ, ನಿಪ್ಪಾಣಿಯ ಅಪ್ಪಾ ದೇಸಾಯಿ ಜತೆ ತ್ರಿಂಬಕಜಿಯೂ ಇದ್ದ. ಅಲ್ಲಿ ಕಂಪನಿಯ ಸಣ್ಣ ಪಡೆಯನ್ನು ಕದಲಿಸಲು ಆಗಲಿಲ್ಲ. ಫೆಬ್ರವರಿಯಲ್ಲಿ ಅಷ್ಟಿಯ ಕಾಳಗದಲ್ಲಿ ಬಾಪು ಗೋಖಲೆ ಮಡಿದ. ಜೂನ್‌ನಲ್ಲಿ ಬಾಜಿರಾವ್ ಜಾನ್ ಮಾಲ್ಕಂಗೆ ಶರಣಾದ.

ಚುನಾರ್‌ನಲ್ಲಿ ಕೊನೆ

ಪೇಶ್ವೆಗೆ ವರ್ಷಕ್ಕೆ 8 ಲಕ್ಷ ರೂಪಾಯಿ ಪಿಂಚಣಿ, ಗಂಗೆಯ ದಡದ ಬಿಠೂರಿನಲ್ಲಿ ವಾಸ ಸಿಕ್ಕಿತು. ಆತನಿಗಾಗಿ ಎಲ್ಲವನ್ನೂ ಪಣಕ್ಕಿಟ್ಟ ತ್ರಿಂಬಕಜಿಗೆ ಸಿಕ್ಕಿದ್ದು ಸೆರೆ. ಅದೇ ಜೂನ್ ಕೊನೆಯಲ್ಲಿ ನಾಸಿಕ್ ಪ್ರದೇಶದಲ್ಲಿ ಆತನನ್ನು ಹಿಡಿದು ಮತ್ತೆ ಥಾಣೆಗೆ ತಂದರು. ಈ ಬಾರಿ ಅಲ್ಲಿ ಹೆಚ್ಚು ದಿನ ಇರಿಸಲಿಲ್ಲ. ಮರಾಠಿ ಮಾತು ಕಿವಿಗೆ ಬೀಳದಷ್ಟು ದೂರಕ್ಕೆ, ವಾರಾಣಸಿ ಬಳಿಯ ಚುನಾರ್ ಕೋಟೆಗೆ ಸಾಗಿಸಿದರು.

1824ರಲ್ಲಿ ಕಲ್ಕತ್ತಾದ ಬಿಷಪ್ ರೆಜಿನಾಲ್ಡ್ ಹೀಬರ್ ಆತನನ್ನು ಚುನಾರ್‌ನಲ್ಲಿ ಕಂಡರು. ಥಾಣೆಯ ಹಾಡಿನ ಕತೆಯನ್ನೂ ತಮ್ಮ ಪ್ರವಾಸ ಕಥನದಲ್ಲಿ ದಾಖಲಿಸಿದರು. 1829ರಲ್ಲಿ ತ್ರಿಂಬಕಜಿ ಅದೇ ಕೋಟೆಯಲ್ಲಿ ಬಂದಿಯಾಗಿಯೇ ಕಣ್ಣುಮುಚ್ಚಿದ.

ಪೇಶ್ವೆ ಆಡಳಿತ ಮುಗಿದ ಮೇಲೆ ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಗಳು ಮುಂಬೈ ಪ್ರಾಂತಕ್ಕೆ ಸೇರಿದವು. ಆ ಕಡೆಯ ಕನ್ನಡಿಗರು ಮುಂದೆ ಕೆಲಸ ಅರಸಿ ಮುಂಬೈಗೆ ಬರಲು ಇದ್ದ ದಾರಿಗಳಲ್ಲಿ ಇದೂ ಒಂದು. ಥಾಣೆಯ ಆ ಗೋಡೆ ಇಂದಿಗೂ ನಿಂತಿದೆ. ಒಳಗೆ ಈಗಲೂ ಬಂದಿಗಳಿದ್ದಾರೆ. ಕಿಟಕಿಯ ಕೆಳಗೆ ಹಾಡುತ್ತಾ ಹೋದ ಆ ಕುದುರೆ ಚಾಕರನ ಹೆಸರು ಮಾತ್ರ ಜನರ ನೆನಪಿನಲ್ಲಿ ಉಳಿಯಲಿಲ್ಲ.