ರಾಣಿ ಆ್ಯನ್‌ಳ ಬರಿದಾದ ತೊಟ್ಟಿಲು

ಬ್ರಿಟನ್ನಿನ ರಾಣಿ ಆ್ಯನ್ ಎಂದೊಡನೆ ಆಕೆಯ ಸ್ಥೂಲಕಾಯ, ಕೀಲುಬೇನೆ, ಆಪ್ತಸಖಿ ಸಾರಾ ಚರ್ಚಿಲ್ ಜೊತೆಗಿನ ವಿರಸ ಇವೇ ನೆನಪಾಗುತ್ತವೆ. ನನಗೆ ಮಾತ್ರ ಆಕೆಯ ಬದುಕು ಒಂದು ವೈದ್ಯಕೀಯ ಪ್ರಶ್ನೆಯಾಗಿ ಕಾಡುತ್ತದೆ.

1665ರಲ್ಲಿ ಜನಿಸಿದ ಆ್ಯನ್, 1683ರಲ್ಲಿ ಡೆನ್ಮಾರ್ಕಿನ ರಾಜಕುಮಾರ ಜಾರ್ಜ್‌ನನ್ನು ವರಿಸಿದಳು. ಮರುವರ್ಷ ಚೊಚ್ಚಲ ಹೆಣ್ಣು ಮಗು ಸತ್ತೇ ಹುಟ್ಟಿತು. ಅಲ್ಲಿಂದ 1700ರವರೆಗೆ ಒಟ್ಟು ಕನಿಷ್ಠ 17 ಬಾರಿ ಆಕೆ ಬಸಿರಾದಳು. ಜೀವಂತವಾಗಿ ಹುಟ್ಟಿದ್ದು 5 ಮಕ್ಕಳು. ಎರಡು ಕೂಸುಗಳು ಹುಟ್ಟಿದ ದಿನವೇ ತೀರಿಕೊಂಡವು. ಮೇರಿ, ಆ್ಯನ್ ಸೋಫಿಯಾ ಎಂಬ ಪುಟ್ಟ ಹೆಣ್ಣುಮಕ್ಕಳನ್ನು 1687ರ ಫೆಬ್ರುವರಿಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಸಿಡುಬು ಒಯ್ದಿತು. ಉಳಿದವನು ವಿಲಿಯಂ ಒಬ್ಬನೇ. 1700ರ ಜನವರಿಯಲ್ಲಿ ಆಕೆಯ ಕೊನೆಯ ಮಗು ಸತ್ತು ಹುಟ್ಟಿತು. ಜುಲೈನಲ್ಲಿ, ಹನ್ನೊಂದು ತುಂಬಿ ವಾರವಾಗುವ ಮೊದಲೇ, ವಿಲಿಯಂ ಕೂಡ ಹೋದ.

1702ರಲ್ಲಿ ಪಟ್ಟಾಭಿಷೇಕಕ್ಕೆ ಆಕೆಯನ್ನು ಕುರ್ಚಿಯಲ್ಲಿ ಹೊತ್ತೊಯ್ಯಬೇಕಾಯಿತು. ಆಗಿನ್ನೂ ವಯಸ್ಸು 37. ಆಸ್ಥಾನದ ವೈದ್ಯರು ಅದನ್ನು ಗೌಟ್ ಎಂದರು. ಆದರೆ ಮುಟ್ಟು ನಿಲ್ಲದ ಹೆಂಗಸರಲ್ಲಿ ಗೌಟ್ ಅಪರೂಪ. ಹೀಗಾಗಿ ಲೂಪಸ್ ಅಥವಾ ಅದರ ಜೊತೆಗಾರ ಕಾಯಿಲೆಯಾದ ಆ್ಯಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಇದ್ದಿರಬಹುದೆಂದು ಇತ್ತೀಚಿನ ವೈದ್ಯರು ಊಹಿಸುತ್ತಾರೆ. ರಕ್ತದ ಆರ್‌ಎಚ್ ಗುಂಪು ಹೊಂದದಿದ್ದುದೇ ಕಾರಣವೆನ್ನುವವರೂ ಇದ್ದಾರೆ. ಆ ತೊಂದರೆಯಲ್ಲಿ ಮೊದಲ ಮಗು ಸಾಮಾನ್ಯವಾಗಿ ಬದುಕುತ್ತದೆ. ಆ್ಯನ್‌ಳ ಮೊದಲ ಮಗುವೇ ಉಳಿಯಲಿಲ್ಲ. ನನ್ನ ಒಲವು ಮೊದಲಿನ ಊಹೆಯತ್ತಲೇ.

ಗರ್ಭದ ಅರ್ಧ ವಂಶವಾಹಿಗಳು ತಂದೆಯವು. ತಾಯಿಯ ರೋಗರಕ್ಷಣಾ ವ್ಯವಸ್ಥೆ ಅದನ್ನು ಪರಕೀಯವೆಂದು ತಳ್ಳದೆ ಒಂಬತ್ತು ತಿಂಗಳು ಸೈರಿಸುವುದೇ ಒಂದು ಸೋಜಿಗ. 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ವಿವರಿಸಿದ ಈ ಕಾಯಿಲೆಯಲ್ಲಾದರೋ ತಾಯಿಯ ಪ್ರತಿಕಾಯಗಳು ಆಕೆಯ ದೇಹದ ವಿರುದ್ಧವೇ ತಿರುಗಿ ಮಾಸಿನ ಜೀವಕೋಶಗಳಿಗೆ ಅಂಟಿಕೊಳ್ಳುತ್ತವೆ. ಮಾಸಿನಲ್ಲಿ ರಕ್ತ ಹೆಪ್ಪುಗಟ್ಟುವುದರಿಂದಲೇ ಗರ್ಭ ನಷ್ಟವಾಗುತ್ತದೆಂದು ಬಹುಕಾಲ ನಂಬಲಾಗಿತ್ತು. 2004ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಪ್ರಯೋಗಗಳು ಬೇರೆಯದನ್ನೇ ತೋರಿಸಿದವು: ಪ್ರತಿಕಾಯಗಳು ರಕ್ತದಲ್ಲಿನ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳನ್ನು ಕೆರಳಿಸಿ ಉರಿಯೂತ ಹುಟ್ಟಿಸುತ್ತವೆ. ಹೆಪಾರಿನ್ ಅದನ್ನು ತಡೆದು ಗರ್ಭವನ್ನು ಉಳಿಸಿತು. ರಕ್ತ ಹೆಪ್ಪುಗಟ್ಟುವುದನ್ನು ಮಾತ್ರ ತಡೆಯುವ ಇತರ ಔಷಧಿಗಳಿಗೆ ಅದು ಸಾಧ್ಯವಾಗಲಿಲ್ಲ. ಲಂಡನ್ನಿನಲ್ಲೇ 90 ಮಹಿಳೆಯರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪಿರಿನ್ ಮಾತ್ರ ಪಡೆದವರಲ್ಲಿ ಶೇ 42ರಷ್ಟು ಮಂದಿಗೆ ಜೀವಂತ ಮಗು ಹುಟ್ಟಿದರೆ, ಹೆಪಾರಿನ್ ಕೂಡ ಪಡೆದವರಲ್ಲಿ ಆ ಪ್ರಮಾಣ ಶೇ 71 ಆಗಿತ್ತು.

ವಿಲಿಯಂ ಸತ್ತ ಮರುವರ್ಷವೇ, 1701ರಲ್ಲಿ, ಪಾರ್ಲಿಮೆಂಟು ಆ್ಯನ್‌ಳ ನಂತರದ ಉತ್ತರಾಧಿಕಾರವನ್ನು ಜರ್ಮನಿಯ ಹ್ಯಾನೋವರ್ ಮನೆತನಕ್ಕೆ ವಹಿಸುವ ಕಾಯ್ದೆ ಮಾಡಿತು. 1707ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳು ಒಂದಾದವು. 1714ರ ಆಗಸ್ಟ್ 1ರಂದು, 49ನೇ ವಯಸ್ಸಿನಲ್ಲಿ ಆ್ಯನ್ ತೀರಿಕೊಂಡಳು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪತಿಯ ಪಕ್ಕದಲ್ಲಿ ಆಕೆಯ ಸಮಾಧಿಯಿದೆ. ವಿಲಿಯಂ ಮತ್ತು ಇತರ ಕೂಸುಗಳು ಅದೇ ಅಬೆಯ ಇನ್ನೊಂದು ನೆಲಮಾಳಿಗೆಯಲ್ಲಿ ಇವೆ.